ಲಾಸ್‌ಲೆಸ್ ಆನ್ ಮಾಡಿದ್ರೆ ಕಿವಿಗೆ ನಿಜವಾಗ್ಲೂ ಗೊತ್ತಾಗುತ್ತಾ?

ಮ್ಯೂಸಿಕ್ ಆಪ್‌ಗಳ ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡಿ, ಆಡಿಯೋ ಕ್ವಾಲಿಟಿ ಅನ್ನೋ ಕಡೆ ಈಗ ಬಹುತೇಕ ದೊಡ್ಡ ಆಪ್‌ಗಳಲ್ಲಿ ಲಾಸ್‌ಲೆಸ್, ಅಂದ್ರೆ ಹಾಡಿನ ಡೇಟಾ ಒಂಚೂರೂ ಕಳ್ಕೊಳ್ದೆ ಕೇಳ್ಸೋದು, ಅಂತ ಒಂದು ಆಪ್ಷನ್ ಬಂದು ಕೂತಿದೆ. ಟೈಡಲ್ 2014ರಿಂದಾನೇ ಕೊಡ್ತಿತ್ತು, ಅಮೆಜಾನ್ 2019ರಲ್ಲಿ ಶುರು ಮಾಡ್ತು, ಆಪಲ್ 2021ರಲ್ಲಿ ಎಕ್ಸ್ಟ್ರಾ ದುಡ್ಡು ಕೇಳದೆ ಕೊಟ್ಬಿಡ್ತು, ಅದೇ 2021ರಲ್ಲಿ ನಾವೂ ತರ್ತೀವಿ ಅಂತ ಹೇಳಿ ಆಮೇಲೆ ಪತ್ತೆನೇ ಇಲ್ದಂಗಾಗಿದ್ದ ಸ್ಪಾಟಿಫೈ ಕೂಡ 2025ರ ಸೆಪ್ಟೆಂಬರ್‌ನಲ್ಲಿ ಕೊನೆಗೂ ತಂತು. ತಂದಿದ್ದೇ ತಡ, ಹಳೇ ಜಗಳ ಮತ್ತೆ ಶುರು. ಒಂದು ಗುಂಪು ಅಜಗಜಾಂತರ ವ್ಯತ್ಯಾಸ ಇದೆ, ಕಿವಿ ಇರೋರಿಗೆ ಗೊತ್ತಾಗುತ್ತೆ ಅನ್ನುತ್ತೆ, ಇನ್ನೊಂದು ಗುಂಪು ಎಲ್ಲಾ ಭ್ರಮೆ ಕಣ್ರೀ, ದುಡ್ಡು ಹೆಚ್ಚಾಗಿರೋರ ಹುಚ್ಚು ಅನ್ನುತ್ತೆ. ನನ್ನ ಪ್ರಕಾರ ಇಬ್ರೂ ಅರ್ಧ ಸರಿ, ಅರ್ಧ ತಪ್ಪು, ಆದ್ರೆ ಯಾವ ಅರ್ಧ ಅನ್ನೋದು ಮಜವಾಗಿದೆ.

ನನ್ನ ಫ್ರೆಂಡ್ ಒಬ್ಬ ಲಾಸ್‌ಲೆಸ್ ಆನ್ ಮಾಡಿದ ದಿನ ರಾತ್ರಿನೇ ಮೆಸೇಜ್ ಹಾಕಿದ, "ಕಿವಿಯೊಳಗಿದ್ದ ಹತ್ತಿ ತೆಗೆದಂಗಾಯ್ತು ಕಣೋ" ಅಂತ. ಯಾವುದ್ರಲ್ಲಿ ಕೇಳ್ತಿದ್ದೀಯಾ ಅಂದೆ. ಬ್ಲೂಟೂತ್ ಇಯರ್‌ಬಡ್ಸ್ ಅಂದ. ನಾನು ಸುಮ್ನಾದೆ. ಯಾಕೆ ಸುಮ್ನಾದೆ ಅಂತ ಕೆಲವ್ರಿಗೆ ಈಗ್ಲೇ ಗೊತ್ತಾಗಿರುತ್ತೆ, ಉಳಿದೋರಿಗೆ ಮುಂದೆ ಹೇಳ್ತೀನಿ. ಆದ್ರೆ ಅವನು ಸುಳ್ಳು ಹೇಳ್ತಿರ್ಲಿಲ್ಲ. ಅವನಿಗೆ ಏನೋ ಬೇರೆ ಥರ ಕೇಳ್ಸಿದ್ದು ನಿಜ, ಕೇಳ್ಸಿದ್ದು ಏನು ಅನ್ನೋದೇ ಪ್ರಶ್ನೆ.

ಮೊದ್ಲು ಒಂದು ಗೋಜಲು ಬಿಡಿಸ್ಕೊಂಡ್ಬಿಡೋಣ. ಕಂಪ್ರೆಷನ್ ಅನ್ನೋ ಒಂದೇ ಪದನ ಆಡಿಯೋದಲ್ಲಿ ಒಂದಕ್ಕೊಂದು ಸಂಬಂಧನೇ ಇಲ್ದಿರೋ ಎರಡು ಕೆಲಸಕ್ಕೆ ಬಳಸ್ತಾರೆ. ಒಂದು ಸ್ಟುಡಿಯೋದಲ್ಲಿ ಮಿಕ್ಸಿಂಗ್, ಮಾಸ್ಟರಿಂಗ್ ಮಾಡೋವಾಗ ಹಾಡಿನ ಮೆಲ್ಲಗಿನ ಭಾಗಕ್ಕೂ ಜೋರಾದ ಭಾಗಕ್ಕೂ ಇರೋ ಅಂತರನ ತಗ್ಗಿಸೋದು, ಅದಕ್ಕೂ ಫೈಲ್ ಸೈಜ್‌ಗೂ ಏನೂ ಸಂಬಂಧ ಇಲ್ಲ. ಈಗಿನ ಹಾಡುಗಳೆಲ್ಲಾ ಒಂದೇ ಸಮ ಕಿರುಚಿದ ಹಾಗಿರುತ್ತೆ, ಕೇಳ್ತಾ ಕೇಳ್ತಾ ತಲೆನೋವು ಬರುತ್ತೆ ಅಂತ ಬೈತಾರಲ್ಲ, ಆ ಬೈಗುಳ ಸೇರಬೇಕಾಗಿರೋದು ಇದಕ್ಕೆ. ಇನ್ನೊಂದು ಫೈಲ್‌ನ ಚಿಕ್ಕದು ಮಾಡೋ ಡೇಟಾ ಕಂಪ್ರೆಷನ್, ಅಂದ್ರೆ ಎಂಪಿ3, ಎಎಸಿ, ಫ್ಲಾಕ್ ಇತ್ಯಾದಿ. ಎಂಪಿ3ಯಲ್ಲಿ ಹಾಡು ಚಪ್ಪಟೆಯಾಗುತ್ತೆ, ಜೀವ ಇರಲ್ಲ ಅಂತ ಹೇಳೋರಲ್ಲಿ ತುಂಬಾ ಜನ ಮೊದಲನೇದರ ತಪ್ಪನ್ನ ಎರಡನೇದರ ತಲೆಗೆ ಕಟ್ತಿರ್ತಾರೆ. ಸ್ಟುಡಿಯೋದಲ್ಲೇ ಚಪ್ಪಟೆ ಮಾಡಿ ಕಳಿಸಿರೋ ಹಾಡನ್ನ ಲಾಸ್‌ಲೆಸ್‌ನಲ್ಲಿ ಕೇಳಿದ್ರೆ ಅಷ್ಟೇ ನಿಖರವಾಗಿ ಚಪ್ಪಟೆಯಾಗೇ ಕೇಳ್ಸುತ್ತೆ.

ಸರಿ, ಡೇಟಾ ವಿಷ್ಯಕ್ಕೆ ಬರೋಣ. ಸಿಡಿ 1982ರಲ್ಲಿ ಬಂದಾಗ ಸೆಕೆಂಡಿಗೆ 44,100 ಸ್ಯಾಂಪಲ್ (ಅಂದ್ರೆ ಶಬ್ದದ ಅಳತೆ), ಒಂದೊಂದಕ್ಕೂ 16 ಬಿಟ್, ಎರಡು ಚಾನೆಲ್ ಅಂತ ಲೆಕ್ಕ, ಗುಣಿಸಿದ್ರೆ ಸೆಕೆಂಡಿಗೆ 1,411 ಕಿಲೋಬಿಟ್, ನಾಲ್ಕು ನಿಮಿಷದ ಹಾಡಿಗೆ ಸುಮಾರು 42 ಎಂಬಿ. ಇದನ್ನ ಒಂದು ಬಿಟ್ ಕೂಡ ಕಳ್ಕೊಳ್ದೆ ಮಡಚಿಡೋದು ಫ್ಲಾಕ್, 2001ರಲ್ಲಿ ಬಂತು, ಜಿಪ್ ಫೈಲ್ ಥರ ಅಂತ ಇಟ್ಕೊಳ್ಳಿ, ಸೈಜ್ ಹೆಚ್ಚುಕಮ್ಮಿ ಅರ್ಧ ಆಗುತ್ತೆ, ಬಿಚ್ಚಿದಾಗ ಮೂಲದಲ್ಲಿ ಏನಿತ್ತೋ ಅದೇ ಬರುತ್ತೆ. ಫ್ಲಾಕ್‌ಗಿಂತ, ಮಡಚದೆ ಹಾಗೇ ಇಟ್ಟಿರೋ ವೇವ್ ಫೈಲ್ ಚೆನ್ನಾಗಿ ಕೇಳ್ಸುತ್ತೆ ಅನ್ನೋರೂ ಇದ್ದಾರೆ. ಅವರ ಜೊತೆ ನಾನು ವಾದ ಮಾಡೋದು ಬಿಟ್ಟು ತುಂಬಾ ದಿನ ಆಯ್ತು.

ಅಸಲಿ ಕಥೆ ಇರೋದು ಎಂಪಿ3 ಥರದ್ದರಲ್ಲಿ. ಜರ್ಮನಿಯ ಎರ್ಲಾಂಗೆನ್‌ನಲ್ಲಿರೋ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮತ್ತು ಜೊತೆಗಿದ್ದೋರು ವರ್ಷಗಟ್ಲೆ ಕೂತು ಮಾಡಿದ ಕೆಲಸ ಅದು, ಫೈಲ್ ಹೆಸರಿನ ಕೊನೆಗೆ ಡಾಟ್ ಎಂಪಿ3 ಅಂತ ಇಡೋಣ ಅಂತ ತೀರ್ಮಾನ ಮಾಡಿದ್ದು 1995ರಲ್ಲಿ. 128 ಕೆಬಿಪಿಎಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 128 ಕಿಲೋಬಿಟ್‌ನಲ್ಲಿ, ಆ 42 ಎಂಬಿ ಹಾಡು 4 ಎಂಬಿಗೂ ಕಡಿಮೆಗೆ ಬಂದು ಕೂತ್ಕೊಳ್ಳುತ್ತೆ, ಅಂದ್ರೆ ಹನ್ನೊಂದರಲ್ಲಿ ಒಂದು ಪಾಲು. ಹತ್ತು ಪಾಲು ಬಿಸಾಕಿದ್ಮೇಲೂ ಹಾಡು ಹಾಡಾಗೇ ಉಳ್ಕೊಂಡಿದೆ ಅಂದ್ರೆ ಅದು ಹೆಂಗೆ?

ಇಲ್ಲಿ ಎಲ್ಲರೂ ಹೇಳೋ ಉತ್ತರ, ಕಿವಿಗೆ ಕೇಳ್ಸದಿರೋ ಶಬ್ದನ ಕಿತ್ತು ಹಾಕುತ್ತೆ ಅಂತ. ಪೂರ್ತಿ ತಪ್ಪಲ್ಲ, ಆದ್ರೆ ಈ ಮಾತು ಇಟ್ಕೊಂಡು ಹೊರಟ್ರೆ ಮುಂದೆ ಏನೂ ಅರ್ಥ ಆಗಲ್ಲ. ಎಂಪಿ3 ನಿಜವಾಗಿ ಮಾಡೋದು ಹಾಡಿಗೆ ಗಲೀಜು ಸೇರಿಸೋ ಕೆಲಸ. ಹಾಡನ್ನ ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡನ್ನೂ ಬೇರೆ ಬೇರೆ ಫ್ರೀಕ್ವೆನ್ಸಿಗಳಾಗಿ ಬಿಡಿಸಿ, ಒಂದೊಂದು ಫ್ರೀಕ್ವೆನ್ಸಿ ಎಷ್ಟಿದೆ ಅನ್ನೋ ಅಂಕಿನ ಒರಟೊರಟಾಗಿ ಬರ್ಕೊಳ್ಳುತ್ತೆ. ಮಾರ್ಕ್ಸ್ 73.482 ಬಂದಿದ್ರೆ 75 ಅಂತ ಬರೆದ ಹಾಗೆ. ಆ ಒರಟುತನ ಇದ್ಯಲ್ಲ, ಅದು ವಾಪಸ್ ಪ್ಲೇ ಮಾಡಿದಾಗ ನಾಯ್ಸ್ ಆಗಿ ಕೇಳ್ಸಬೇಕು. ಕೇಳ್ಸಲ್ಲ ಯಾಕಂದ್ರೆ ಅದನ್ನ ಜೋರಾದ ಶಬ್ದದ ಬೆನ್ನ ಹಿಂದೆ ಬಚ್ಚಿಟ್ಟಿರುತ್ತೆ. ಒಂದು ಜೋರಾದ ಶಬ್ದ ಇದ್ದಾಗ ಅದರ ಅಕ್ಕಪಕ್ಕದ ಫ್ರೀಕ್ವೆನ್ಸಿಯಲ್ಲಿರೋ ಮೆಲ್ಲಗಿನ ಶಬ್ದ ನಮ್ಮ ಕಿವಿಗೆ ಸಿಗಲ್ಲ, ಇದನ್ನ ಮಾಸ್ಕಿಂಗ್ ಅಂತಾರೆ. ಲಾರಿ ಹಾರ್ನ್ ಹೊಡೀವಾಗ ಪಕ್ಕದೋರ ಮಾತು ಮುಳುಗೋಗುತ್ತಲ್ಲ, ಅದೇ. ಶಬ್ದ ನಿಂತ್ಮೇಲೂ ಸುಮಾರು 100ರಿಂದ 200 ಮಿಲಿಸೆಕೆಂಡ್ ತನಕ ಅದರ ನೆರಳು ಇರುತ್ತೆ. ವಿಚಿತ್ರ ಅಂದ್ರೆ ಶಬ್ದ ಬರೋಕೆ ಮುಂಚೆನೂ ಒಂದು ಚೂರು ನೆರಳಿರುತ್ತೆ, ಆದ್ರೆ ತೀರಾ ಸಣ್ಣದು, ಬರೀ ಕೆಲವೇ ಮಿಲಿಸೆಕೆಂಡ್.

ಹಂಗಾಗಿ ಪ್ರಶ್ನೆನ ಸ್ವಲ್ಪ ತಿರುಗಿಸಿ ಕೇಳ್ಬೇಕು. ಈ ಹಾಡಿನ ಈ ಕ್ಷಣದಲ್ಲಿ ಗಲೀಜು ಬಚ್ಚಿಡೋಕೆ ಜಾಗ ಇದ್ಯಾ, ಇದ್ರೆ ಸಾಕಾಗುತ್ತಾ? ಬಿಟ್‌ರೇಟ್, ಅಂದ್ರೆ ಸೆಕೆಂಡಿಗೆ ಇಷ್ಟು ಬಿಟ್ ಅನ್ನೋ ಲೆಕ್ಕ, ಜಾಸ್ತಿ ಕೊಟ್ರೆ ಗಲೀಜು ಕಡಿಮೆ, ಬಚ್ಚಿಡೋದು ಸುಲಭ. ಕಡಿಮೆ ಕೊಟ್ರೆ ಗಲೀಜು ಜಾಸ್ತಿ, ಎಲ್ಲೋ ಒಂದು ಕಡೆ ಬಾಲ ಕಾಣುತ್ತೆ. ಅಷ್ಟೇ ವಿಷ್ಯ.

ಬಾಲ ಕಾಣೋ ಜಾಗಗಳು ಯಾವುವು ಅಂತ ಕೋಡೆಕ್ (ಎಂಪಿ3 ಥರ ಹಾಡನ್ನ ಕಂಪ್ರೆಸ್ ಮಾಡಿ ಬಿಚ್ಚೋ ವಿಧಾನ) ಮಾಡೋರಿಗೆ ಚೆನ್ನಾಗಿ ಗೊತ್ತು, ಮೂವತ್ತು ವರ್ಷದಿಂದ ಅವೇ ಜಾಗಗಳು. ತುಂಬಾ ಫೇಮಸ್ ಆಗಿರೋದು ಕ್ಯಾಸ್ಟನೆಟ್, ಅಂದ್ರೆ ಬೆರಳಿಗೆ ಸಿಕ್ಕಿಸ್ಕೊಂಡು ಟಕ್ ಟಕ್ ಅನ್ಸೋ ಮರದ ಚಿಪ್ಪು. ಎಂಪಿ3 ಒಂದು ಸಲಕ್ಕೆ ಹೆಚ್ಚುಕಮ್ಮಿ 26 ಮಿಲಿಸೆಕೆಂಡ್ ಉದ್ದದ ತುಂಡನ್ನ ನೋಡುತ್ತೆ, ಅದರಲ್ಲಿ ಹುಟ್ಟೋ ಗಲೀಜು ಆ 26 ಮಿಲಿಸೆಕೆಂಡ್ ಉದ್ದಕ್ಕೂ ಹರಡ್ಕೊಳ್ಳುತ್ತೆ. ಈಗ ಆ ಟಕ್ ಅನ್ನೋದು ತುಂಡಿನ ಕೊನೆಗೆ ಬಂತು ಅಂದ್ಕೊಳ್ಳಿ, ಅದಕ್ಕೆ ಮುಂಚೆ ಇರೋದು ಮೌನ, ಗಲೀಜು ಆ ಮೌನದಲ್ಲಿ ಬೆತ್ತಲೆ ನಿಂತ್ಬಿಡುತ್ತೆ, ಮುಂಚಿನ ನೆರಳು ಕೆಲವೇ ಮಿಲಿಸೆಕೆಂಡ್ ಅಂದ್ನಲ್ಲ, ಅದು ಮುಚ್ಚೋಕೆ ಸಾಲಲ್ಲ. ಹೊಡೆತಕ್ಕೆ ಮುಂಚೆನೇ ಒಂದು ಸಣ್ಣ "ಶ್ಶ್" ಅಂತ ಕೇಳ್ಸುತ್ತೆ, ಟಕ್ ಅನ್ನೋದು ಥಕ್ ಆಗುತ್ತೆ. ಇದಕ್ಕೆ ಪ್ರೀ ಎಕೋ ಅಂತ ಹೆಸರು. ಎನ್‌ಕೋಡರ್, ಅಂದ್ರೆ ಕಂಪ್ರೆಸ್ ಮಾಡೋ ಸಾಫ್ಟ್‌ವೇರ್, ಬುದ್ಧಿವಂತನಾಗಿದ್ರೆ ಅಂಥ ಕಡೆ ಚಿಕ್ಕ ತುಂಡಿಗೆ ಬದಲಾಯಿಸ್ಕೊಳ್ಳುತ್ತೆ, ಆದ್ರೂ ಎಂಪಿ3ಯ ಚಿಕ್ಕ ತುಂಡು ಸಾಕಷ್ಟು ಚಿಕ್ಕದಲ್ಲ. 1997ರಲ್ಲಿ ಬಂದ ಎಎಸಿ ಇದರಲ್ಲಿ ವಾಸಿ, ಅದರ ತುಂಡು ಇನ್ನೂ ಸಣ್ಣದಾಗುತ್ತೆ.

ಚಪ್ಪಾಳೆನೂ ಕಷ್ಟನೇ. ಸಾವಿರ ಜನ ಚಪ್ಪಾಳೆ ಹೊಡೆದ್ರೆ ಅದು ಸಾವಿರ ಕ್ಯಾಸ್ಟನೆಟ್, ಎಲ್ಲಿ ಅಂತ ಬಚ್ಚಿಡೋದು? ಕಡಿಮೆ ಬಿಟ್‌ರೇಟ್‌ನಲ್ಲಿ ಚಪ್ಪಾಳೆ ಎಣ್ಣೆಯಲ್ಲಿ ಕರಿಯೋ ಸದ್ದಾಗ್ಬಿಡುತ್ತೆ. ಸಿಂಬಲ್‌ಗಳು, ಅಂದ್ರೆ ಡ್ರಮ್ ಸೆಟ್‌ನಲ್ಲಿರೋ ಲೋಹದ ತಟ್ಟೆಗಳು, ನೀರಲ್ಲಿ ಅದ್ದಿ ತೆಗೆದ ಹಾಗೆ ಸುಯ್ಯ್ ಸುಯ್ಯ್ ಅಂತ ಸುತ್ತುತ್ತೆ, 128ರ ಹಳೇ ಎಂಪಿ3 ಕೇಳಿ ಬೆಳೆದೋರಿಗೆ ಈ ಸದ್ದು ಚೆನ್ನಾಗಿ ಗೊತ್ತು, ಹೆಸರು ಗೊತ್ತಿರಲ್ಲ ಅಷ್ಟೇ. ಆಮೇಲೆ ಬರೀ ಒಬ್ಬರ ದನಿ. ಬ್ರಾಂಡೆನ್‌ಬರ್ಗ್ ಅವರು ಅಮೆರಿಕದ ಗಾಯಕಿ ಸುಝೇನ್ ವೇಗಾ ಯಾವ ವಾದ್ಯನೂ ಇಲ್ದೆ ಹಾಡಿರೋ 'ಟಾಮ್ಸ್ ಡೈನರ್' ಅನ್ನ ಮತ್ತೆ ಮತ್ತೆ ಕೇಳಿ ತಮ್ಮ ಕೋಡೆಕ್ ತಿದ್ದಿದ್ದು ಇದೇ ಕಾರಣಕ್ಕೆ. ಉಳಿದ ಹಾಡುಗಳೆಲ್ಲಾ ಪರ್ವಾಗಿಲ್ಲ ಅನ್ನಿಸ್ತಿದ್ದ ಹೊತ್ತಲ್ಲಿ ಆ ಒಂದು ದನಿ ಮಾತ್ರ ಕೆಟ್ಟೋಗ್ತಿತ್ತು, ಯಾಕಂದ್ರೆ ದನಿ ಸುತ್ತ ಡ್ರಮ್ ಇಲ್ಲ, ಗಿಟಾರ್ ಇಲ್ಲ, ಅವಿತ್ಕೊಳ್ಳೋಕೆ ಒಂದು ಮೂಲೆನೂ ಇಲ್ಲ. ಇದ್ರಿಂದ ಒಂದು ಉಲ್ಟಾ ಮಾತು ಹೊರಡುತ್ತೆ ನೋಡಿ: ನೂರೆಂಟು ವಾದ್ಯ ಸೇರಿ ಗಲಾಟೆ ಮಾಡೋ ಹಾಡಲ್ಲಿ ವ್ಯತ್ಯಾಸ ಕಂಡುಹಿಡಿಯೋದು ಕಷ್ಟ, ಖಾಲಿ ಖಾಲಿಯಾಗಿರೋ ಹಾಡಲ್ಲಿ ಸುಲಭ. ಲಾಸ್‌ಲೆಸ್ ಡೆಮೋ ಅಂತ ಜನ ಸಾಮಾನ್ಯವಾಗಿ ದೊಡ್ಡ ಆರ್ಕೆಸ್ಟ್ರಾ ಹಾಕ್ತಾರೆ, ಅದು ಎಷ್ಟೋ ಸಲ ಎಂಪಿ3ಗೆ ಆರಾಮದ ಕೆಲಸ.

ಇನ್ನು ಟೆಸ್ಟ್‌ಗಳು ಏನು ಹೇಳ್ತವೆ ಅಂತ ನೋಡೋಣ. ಇಲ್ಲಿ ನಂಬೋಕಾಗೋದು ಕುರುಡು ಪರೀಕ್ಷೆ ಒಂದನ್ನೇ, ಅಂದ್ರೆ ಯಾವುದು ಯಾವ್ದು ಅಂತ ಗೊತ್ತಿಲ್ದೆ ಕೇಳಿ ಹೇಳೋದು. 2009ರಲ್ಲಿ ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿಯ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಕೊಟ್ರು, ಕೇಳಿದೋರು ಸಂಗೀತಗಾರರು ಮತ್ತು ಸೌಂಡ್ ಎಂಜಿನಿಯರ್‌ಗಳು, ಪಳಗಿದ ಕಿವಿಗಳು. 96, 128, 192 ಕೆಬಿಪಿಎಸ್ ಎಂಪಿ3 ಎದುರಿಗೆ ಅವರು ಸಿಡಿನೇ ಚೆನ್ನಾಗಿದೆ ಅಂತ ಸ್ಪಷ್ಟವಾಗಿ ಆರಿಸಿದ್ರು. 256ಕ್ಕೆ ಬರ್ತಿದ್ದಂಗೆ ಆ ಒಲವು ಮಾಯ, 320ರಲ್ಲೂ ಅಷ್ಟೇ. ನನಗೆ ಇಲ್ಲಿ ಇಷ್ಟ ಆಗೋದು 192 ಅನ್ನೋ ಅಂಕಿ. ಎಲ್ಲಾ ಭ್ರಮೆ ಅನ್ನೋ ಗುಂಪು ಇದನ್ನ ಗಮನಿಸಬೇಕು, 192 ಅಂದ್ರೆ ಒಂದು ಕಾಲಕ್ಕೆ ತುಂಬಾ ಒಳ್ಳೇ ಕ್ವಾಲಿಟಿ ಅಂತ ಎಲ್ಲರೂ ಹಂಚ್ಕೊಳ್ತಿದ್ದ ಬಿಟ್‌ರೇಟ್, ಪಳಗಿದೋರಿಗೆ ಅದರಲ್ಲೂ ಗೊತ್ತಾಗ್ತಿತ್ತು.

ಬಿಟ್‌ರೇಟ್ ಅಂಕಿ ಒಂದನ್ನೇ ನೋಡಿದ್ರೂ ಸಾಲಲ್ಲ. 128 ಅಂದ್ರೆ ಎಲ್ಲಾ 128 ಒಂದೇ ಅಲ್ಲ. ತೊಂಬತ್ತರ ದಶಕದ ಯಾವುದೋ ಕಾಟಾಚಾರದ ಎನ್‌ಕೋಡರ್ ಮಾಡಿದ 128ಕ್ಕೂ, ಹತ್ತಾರು ವರ್ಷ ತಿದ್ದಿ ತೀಡಿರೋ ಲೇಮ್ ಎನ್‌ಕೋಡರ್ ಮಾಡೋ 128ಕ್ಕೂ ಹೋಲಿಕೆನೇ ಇಲ್ಲ. 2012ರಲ್ಲಿ ಬಂದ ಓಪಸ್ ಕೋಡೆಕ್ ಅಂತೂ 2014ರ ಒಂದು ಪಬ್ಲಿಕ್ ಬ್ಲೈಂಡ್ ಟೆಸ್ಟ್‌ನಲ್ಲಿ ಬರೀ 96 ಕೆಬಿಪಿಎಸ್ ಇಟ್ಕೊಂಡು ಎಲ್ಲರಿಗಿಂತ ಮೇಲೆ ಬಂತು, ಅದೇ ಟೆಸ್ಟ್‌ನಲ್ಲಿ 128ರ ಎಂಪಿ3ನೂ ಇತ್ತು. ಎಂಪಿ3 ಕಂಡಿದ್ದೋರು ಎಂಪಿ3 ನೆನಪಲ್ಲೇ ಎಲ್ಲಾ ಕಂಪ್ರೆಸ್ಡ್ ಆಡಿಯೋನೂ ಬೈತಿರ್ತಾರೆ, ಆದ್ರೆ ಸ್ಟ್ರೀಮಿಂಗ್ ಆಪ್‌ಗಳು ಕೊಡ್ತಿರೋದು ಬಹುತೇಕ ಎಎಸಿ, ವಾರ್ಬಿಸ್, ಓಪಸ್, ಅವೆಲ್ಲಾ ಎಂಪಿ3ಯ ಹಳೇ ಕಾಯಿಲೆ ನೋಡಿ ಪಾಠ ಕಲಿತು ಹುಟ್ಟಿದವು.

ನಾನೂ ಟೆಸ್ಟ್ ಮಾಡ್ಕೊಂಡಿದ್ದೀನಿ. ಎಬಿಎಕ್ಸ್ ಅಂತಾರೆ, ಎ ಅನ್ನೋದು ಮೂಲ, ಬಿ ಅನ್ನೋದು ಕಂಪ್ರೆಸ್ ಮಾಡಿದ್ದು, ಎಕ್ಸ್ ಅನ್ನೋದು ಇವೆರಡರಲ್ಲಿ ಒಂದು, ಯಾವ್ದು ಅಂತ ಸಾಫ್ಟ್‌ವೇರ್‌ಗೆ ಮಾತ್ರ ಗೊತ್ತು, ನಾವು ಹೇಳ್ಬೇಕು. ಹಿಂಗೆ 16 ಸಲ. ಸುಮ್ನೆ ನಾಣ್ಯ ಚಿಮ್ಮಿದ್ರೂ ಎಂಟು ಸರಿ ಬರುತ್ತಲ್ಲ, ಅದಕ್ಕೆ 12 ಅಥವಾ ಹೆಚ್ಚು ಸರಿ ಬಂದ್ರೆ ಮಾತ್ರ ಕೇಳ್ಸಿದೆ ಅಂತ ಒಪ್ಪೋದು, ಅಂದಾಜಲ್ಲಿ ಹೊಡೆದು 12 ದಾಟೋ ಸಾಧ್ಯತೆ ನೂರಕ್ಕೆ ನಾಲ್ಕಕ್ಕೂ ಕಡಿಮೆ. 128ರ ಎಂಪಿ3ಯಲ್ಲಿ ನನಗೆ 15 ಬಂತು, ಎದೆ ಉಬ್ಬಿಸ್ಕೊಂಡು 320ಕ್ಕೆ ಹೋದೆ, 7 ಬಂತು. ನಾಣ್ಯಕ್ಕಿಂತ ಒಂದು ಕಮ್ಮಿ. ಅದೂ ಟೆಸ್ಟ್ ಮಾಡೋವಾಗ ಪ್ರತಿ ಸಲನೂ ಇದು ಖಂಡಿತ ಬಿ, ಸಿಂಬಲ್ ಸ್ವಲ್ಪ ಮಂಕಾಗಿದೆ ಅಂತ ಪೂರ್ತಿ ಭರವಸೆಯಿಂದ ಒತ್ತಿದ್ದೆ. ಸೋತಿದ್ದಕ್ಕಿಂತ ಆ ಭರವಸೆ ನೋಡಿ ಗಾಬರಿ ಆಯ್ತು ನಂಗೆ.

ಆಮೇಲೆ ಹಠಕ್ಕೆ ಬಿದ್ದು ಕ್ಯಾಸ್ಟನೆಟ್ ಇರೋ ಒಂದು ತುಣುಕು ಹಿಡ್ಕೊಂಡು, ಅರ್ಧ ಸೆಕೆಂಡ್ ಭಾಗನ ಲೂಪ್‌ನಲ್ಲಿ ಹಾಕಿ, ಹೊಡೆತದ ಮುಂಚಿನ ಆ "ಶ್ಶ್" ಒಂದನ್ನೇ ಹುಡುಕ್ತಾ ಕೂತೆ. ಎರಡು ವಾರ ಆದ್ಮೇಲೆ 320ರಲ್ಲೂ 16ಕ್ಕೆ 13 ಬಂತು. ಹಂಗಾಗಿ 320ರಲ್ಲಿ ಯಾರಿಗೂ ಯಾವತ್ತೂ ಗೊತ್ತಾಗಲ್ಲ ಅನ್ನೋದು ಸುಳ್ಳು. ಆದ್ರೆ ನಾನು ಮಾಡಿದ್ದು ಸಂಗೀತ ಕೇಳೋ ಕೆಲಸ ಆಗಿರ್ಲಿಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸೋ ಕೆಲಸ. ಅದೇ ಹಾಡನ್ನ ಪೂರ್ತಿ ಹಾಕಿ ಆರಾಮಾಗಿ ಕೇಳಿದ್ರೆ ಇವತ್ತಿಗೂ ನನಗೆ ಗೊತ್ತಾಗಲ್ಲ. ಇದರ ಜೊತೆ ಬಂದ ನಷ್ಟ ಏನಪ್ಪಾ ಅಂದ್ರೆ, 128ರ ಆ ಸುಯ್ಯ್ ಸುಯ್ಯ್ ಮೊದ್ಲು ಸುಮ್ನೆ ಹಾಡು ಕೇಳೋವಾಗ ನನ್ನ ಗಮನಕ್ಕೇ ಬರ್ತಿರ್ಲಿಲ್ಲ, ಈಗ ಯಾವ ಹಳೇ ವಿಡಿಯೋ ಹಾಕಿದ್ರೂ ಮೊದ್ಲು ಅದೇ ಕೇಳ್ಸುತ್ತೆ. ಕಲಿಯೋದೇನೋ ಕಲಿತ್ಬಿಟ್ಟೆ, ಮರೆಯೋಕೆ ದಾರಿ ಇಲ್ಲ. ಚಿನ್ನದಂಥ ಕಿವಿ ಹುಟ್ಟಿನಿಂದ ಬರುತ್ತೆ ಅನ್ನೋರಿಗೆ ಹೇಳೋದಾದ್ರೆ, ಇದು ಹುಟ್ಟಿಗಿಂತ ಹೆಚ್ಚಾಗಿ ಎಲ್ಲಿ ನೋಡ್ಬೇಕು ಅಂತ ಗೊತ್ತಿರೋ ಪ್ರಶ್ನೆ. ನಲವತ್ತು ದಾಟಿದ ಎಷ್ಟೋ ಜನಕ್ಕೆ 15 ಕಿಲೋಹರ್ಟ್ಸ್ ಮೇಲಿನ ಶಬ್ದ ಕೇಳ್ಸೋದೇ ಇಲ್ಲ, ಆದ್ರೂ ಪಳಗಿದ್ದೋರು ಪ್ರೀ ಎಕೋ ಹಿಡೀತಾರೆ, ಯಾಕಂದ್ರೆ ಅದು ಕಿವಿಯ ಮೇಲ್ತುದಿಯ ಆಟ ಅಲ್ಲ, ಸಮಯದ ಆಟ.

ಹಂಗಾದ್ರೆ ಆಪ್‌ನಲ್ಲಿ ಬಟನ್ ಒತ್ತಿದ ತಕ್ಷಣ ಅಷ್ಟೊಂದು ಜನಕ್ಕೆ ಅಷ್ಟು ದೊಡ್ಡ ವ್ಯತ್ಯಾಸ ಹೆಂಗೆ ಕೇಳ್ಸುತ್ತೆ?

ಮೊದಲನೇ ಅಪರಾಧಿ ವಾಲ್ಯೂಮ್. ಒಂದು ಡೆಸಿಬಲ್‌ಗಿಂತ ಕಡಿಮೆ ಜೋರು ಮಾಡಿದ್ರೂ ನಮಗೆ ಅದು ಜೋರಾಗಿದೆ ಅಂತ ಅನ್ಸಲ್ಲ, ಚೆನ್ನಾಗಿದೆ ಅಂತ ಅನ್ಸುತ್ತೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ, ವಾಲ್ಯೂಮ್ ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳ್ಸಲ್ಲ, ಜೋರು ಮಾಡ್ತಾ ಹೋದ ಹಾಗೆ ತುಂಬ್ಕೊಳ್ಳುತ್ತೆ. ಹಂಗಾಗಿ ಚೂರು ಜೋರಾಗಿರೋದು ದಪ್ಪಗೆ, ಬಿಚ್ಚಿಟ್ಟ ಹಾಗೆ ಕೇಳ್ಸುತ್ತೆ. ಸರಿಯಾಗಿ ಟೆಸ್ಟ್ ಮಾಡೋರು ಎರಡೂ ಕಡೆ ವಾಲ್ಯೂಮ್‌ನ 0.1 ಡೆಸಿಬಲ್ ಒಳಗೆ ಹೊಂದಿಸ್ತಾರೆ. ಒಂದು ಆಪ್ ಬಿಟ್ಟು ಇನ್ನೊಂದು ಆಪ್‌ಗೆ ಹೋಗಿ ಹೋಲಿಸೋರು ಇದನ್ನ ಮಾಡಲ್ಲ, ಒಂದು ಆಪ್ ಎಲ್ಲಾ ಹಾಡನ್ನೂ ಒಂದು ಮಟ್ಟಕ್ಕೆ ಇಳಿಸಿರುತ್ತೆ, ಇನ್ನೊಂದು ಬೇರೆ ಮಟ್ಟಕ್ಕೆ, ಕೆಲವದ್ರಲ್ಲಿ ಆ ಫೀಚರ್ ಆಫ್ ಆಗಿರುತ್ತೆ. ಅಲ್ಲಿಗೆ ಹೋಲಿಕೆ ಮುಗೀತು.

ಎರಡನೇದು ಮಾಸ್ಟರ್, ಅಂದ್ರೆ ಸ್ಟುಡಿಯೋದಲ್ಲಿ ಕೊನೆಗೆ ತಯಾರಾಗೋ ಮೂಲ ಪ್ರತಿ. ಒಂದೇ ಹಾಡಿನ 1985ರ ಮಾಸ್ಟರ್ ಒಂದಿರುತ್ತೆ, ರೀಮಾಸ್ಟರ್ ಮಾಡಿದ್ದು ಇನ್ನೊಂದಿರುತ್ತೆ, ಹೈ ರೆಸ್‌ಗೋಸ್ಕರ, ಅಂದ್ರೆ ಸಿಡಿಗಿಂತ ಮೇಲ್ಮಟ್ಟದ ಫೈಲ್‌ಗೋಸ್ಕರ, ಅಂತ ಎಂಜಿನಿಯರ್ ಹೊಸದಾಗಿ ಕೂತು ಮಾಡಿದ್ದು ಮತ್ತೊಂದಿರುತ್ತೆ. ಇವುಗಳ ಮಧ್ಯೆ ಇರೋ ವ್ಯತ್ಯಾಸ ಕುರುಡು ಪರೀಕ್ಷೆಯಲ್ಲೂ ಥಟ್ ಅಂತ ಸಿಗುತ್ತೆ, ಫಾರ್ಮ್ಯಾಟ್‌ಗೆ ಸಂಬಂಧನೇ ಇಲ್ದೆ. ಇದಕ್ಕೆ 2007ರಲ್ಲಿ ಮೇಯರ್ ಮತ್ತು ಮೋರನ್ ಪ್ರಕಟ ಮಾಡಿದ ಪ್ರಯೋಗ ಒಳ್ಳೇ ಉದಾಹರಣೆ. ಸಿಡಿಗಿಂತ ಮೇಲ್ಮಟ್ಟದ ಡಿಸ್ಕ್‌ಗಳನ್ನ ಹಾಕಿ, ಮಧ್ಯದಲ್ಲಿ ಒಂದು ಸಲ ನೇರವಾಗಿ, ಒಂದು ಸಲ ಸಿಡಿ ಮಟ್ಟಕ್ಕೆ ಇಳಿಸಿ ಕೇಳ್ಸಿದ್ರು. 554 ಸಲ ಕೇಳ್ಸಿದ್ದಕ್ಕೆ 276 ಸಲ ಸರಿ ಉತ್ತರ, ಹೆಚ್ಚುಕಮ್ಮಿ ನಾಣ್ಯನೇ. ಇಷ್ಟಾದ್ಮೇಲೂ ಅವರು ಬರೆದಿದ್ದು ಆ ಡಿಸ್ಕ್‌ಗಳು ಮಾಮೂಲಿ ಸಿಡಿಗಳಿಗಿಂತ ಚೆನ್ನಾಗಿ ಕೇಳ್ಸುತ್ವೆ ಅಂತಾನೇ! ಕಾರಣ ಬಿಟ್‌ಗಳಲ್ಲ, ಅವನ್ನ ಮಾಸ್ಟರ್ ಮಾಡಿದೋರು ಮೈಮೇಲೆ ಎಚ್ಚರ ಇಟ್ಕೊಂಡು ಮಾಡಿದ್ರು, ಎಲ್ಲಾ ಜೋರು ಮಾಡಿ ಹಾಳು ಮಾಡಿರ್ಲಿಲ್ಲ. ಚೆನ್ನಾಗಿದೆ ಅಂದೋರ ಮಾತು ನಿಜ, ಕಾರಣ ಮಾತ್ರ ಬೇರೆ.

ಮೂರನೇದು ನಿರೀಕ್ಷೆ, ಅಂದ್ರೆ ನಮ್ಮ ಮನಸ್ಸೇ. ಇದನ್ನ ಹೇಳಿದ್ರೆ ಜನ ಬೇಜಾರಾಗ್ತಾರೆ, ನನ್ನ ಕಿವಿ ಮೇಲೆ ಅನುಮಾನನಾ ಅಂತ. ಅನುಮಾನ ಅಲ್ಲ. ಮಿಕ್ಸಿಂಗ್ ಮಾಡೋರನ್ನ ಕೇಳಿ ನೋಡಿ, ಈಕ್ವಲೈಸರ್ ನಾಬ್ ತಿರುಗಿಸ್ತಾ, ಹಾಂ ಈಗ ದನಿ ಮುಂದೆ ಬಂತು, ಇನ್ನೂ ಸ್ವಲ್ಪ ಅಂತ ಅಂದ್ಕೊಂಡು ಹತ್ತು ನಿಮಿಷ ಆದ್ಮೇಲೆ ನೋಡಿದ್ರೆ ಈಕ್ವಲೈಸರ್ ಆಫ್ ಆಗೇ ಇತ್ತು ಅನ್ನೋ ಅನುಭವ ತುಂಬಾ ಜನಕ್ಕೆ ಆಗಿರುತ್ತೆ. ಕೇಳೋದನ್ನೇ ಕಸುಬು ಮಾಡ್ಕೊಂಡೋರಿಗೇ ಹಿಂಗೆ. ಲಾಸ್‌ಲೆಸ್ ಅಂತ ಸ್ಕ್ರೀನ್ ಮೇಲೆ ಬರೆದಿದ್ದು ನೋಡಿದ ತಕ್ಷಣ ನಾವು ಫೋನ್ ಕೆಳಗಿಟ್ಟು, ಕಣ್ಣು ಮುಚ್ಚಿ, ಗಮನ ಕೊಟ್ಟು ಕೇಳ್ತೀವಿ, ಬಸ್ಸಲ್ಲಿ ಕೂತು ಅರ್ಧಂಬರ್ಧ ಕೇಳ್ತಿದ್ದ ಅದೇ ಹಾಡಲ್ಲಿ ಮುಂಚೆ ಗಮನಿಸದಿದ್ದ ಶೇಕರ್ ಸದ್ದು ಒಂದು ಸಿಗುತ್ತೆ. ಅದು ಮುಂಚೆನೂ ಅಲ್ಲೇ ಇತ್ತು. ಜೊತೆಗೆ ಶಬ್ದದ ಸೂಕ್ಷ್ಮ ವಿವರ ನಮ್ಮ ನೆನಪಲ್ಲಿ ಉಳಿಯೋದು ಕೆಲವೇ ಸೆಕೆಂಡ್, ನಿನ್ನೆ ಕೇಳಿದ್ದನ್ನ ಇವತ್ತಿನ ಜೊತೆ ಹೋಲಿಸ್ತೀನಿ ಅನ್ನೋದೇ ಆಗದ ಮಾತು.

ಹೈ ರೆಸ್ ವಿಷ್ಯ ಬೇಗ ಮುಗಿಸ್ತೀನಿ, 24 ಬಿಟ್, 96 ಅಥವಾ 192 ಕಿಲೋಹರ್ಟ್ಸ್ ಅಂತ ಹಾಕಿರ್ತಾರಲ್ಲ, ಅದು. ಸಿಡಿಯ 44.1 ಕಿಲೋಹರ್ಟ್ಸ್‌ನಲ್ಲೇ 22 ಕಿಲೋಹರ್ಟ್ಸ್ ತನಕದ ಶಬ್ದ ಹಿಡಿಸುತ್ತೆ, ಮನುಷ್ಯರ ಕಿವಿ ಚಿಕ್ಕ ವಯಸ್ಸಲ್ಲೂ 20ಕ್ಕೆ ನಿಲ್ಲುತ್ತೆ. 16 ಬಿಟ್‌ನಲ್ಲಿ ತೀರಾ ಮೆಲ್ಲಗಿನ ಶಬ್ದಕ್ಕೂ ತೀರಾ ಜೋರಾದ ಶಬ್ದಕ್ಕೂ ಮಧ್ಯೆ 96 ಡೆಸಿಬಲ್ ಅಂತರ ಸಿಗುತ್ತೆ, ಮನೆಯಲ್ಲಿ ಕೂತು ಕೇಳೋಕೆ ಅದು ಧಾರಾಳ. ಹಾಗಂತ ಪೂರ್ತಿ ಶೂನ್ಯ ಅಂತನೂ ಹೇಳೋಕಾಗಲ್ಲ, ಲಂಡನ್ನಿನ ಕ್ವೀನ್ ಮೇರಿ ಯೂನಿವರ್ಸಿಟಿಯ ಜೋಶುವಾ ರೈಸ್ 2016ರಲ್ಲಿ 18 ಪ್ರಯೋಗಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಪ್ರಯತ್ನಗಳನ್ನ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ್ರು, ಸರಿ ಉತ್ತರ ನೂರಕ್ಕೆ 52.3. ನಾಣ್ಯಕ್ಕಿಂತ ಎರಡು ಚಿಲ್ಲರೆ ಜಾಸ್ತಿ, ಟ್ರೈನಿಂಗ್ ತಗೊಂಡೋರಲ್ಲಿ ಇನ್ನೂ ಜಾಸ್ತಿ, ಸುಮಾರು 60. ಲೆಕ್ಕದ ಪ್ರಕಾರ ಇದು ನಿಜವಾದ ವ್ಯತ್ಯಾಸನೇ, ಆದ್ರೆ ಕಿವಿಯಿಂದ ಹತ್ತಿ ತೆಗೆದಂಗಾಯ್ತು ಅನ್ನೋ ಥರದ್ದಲ್ಲ. 24 ಬಿಟ್ ನಿಜವಾಗಿ ಉಪಯೋಗಕ್ಕೆ ಬರೋದು ರೆಕಾರ್ಡಿಂಗ್ ಮಾಡೋರಿಗೆ, ಲೆವೆಲ್ ಸ್ವಲ್ಪ ಕಡಿಮೆ ಇಟ್ಟು ರೆಕಾರ್ಡ್ ಮಾಡಿ ಆಮೇಲೆ ಎತ್ತಿದ್ರೂ ನಾಯ್ಸ್ ಮೇಲೆ ಬರಲ್ಲ.

ಈಗ ಬ್ಲೂಟೂತ್. ಮಾಮೂಲಿ ಬ್ಲೂಟೂತ್‌ಗೆ ಲಾಸ್‌ಲೆಸ್ ಹೊರೋ ಅಷ್ಟು ಜಾಗ ಇಲ್ಲ, ಫೋನ್ ಹಾಡನ್ನ ಇನ್ನೊಂದು ಸಲ ಕಂಪ್ರೆಸ್ ಮಾಡಿ ಕಳ್ಸುತ್ತೆ. ಎಲ್ಲದ್ರಲ್ಲೂ ಇರೋ ಎಸ್‌ಬಿಸಿ ಕೋಡೆಕ್‌ನ ಮಾಮೂಲಿ ಮೇಲ್ಮಟ್ಟ 328 ಕೆಬಿಪಿಎಸ್, ಎಎಸಿ ಸುಮಾರು 256, ಸೋನಿಯ ಎಲ್‌ಡಿಎಸಿ ಸಿಗ್ನಲ್ ಚೆನ್ನಾಗಿದ್ರೆ 990, ಅದೂ ಲಾಸ್‌ಲೆಸ್ ಅಲ್ಲ. ಕೆಲವು ಹೊಸ ಫೋನ್ ಮತ್ತು ಹೆಡ್‌ಫೋನ್ ಜೋಡಿಗಳನ್ನ ಬಿಟ್ರೆ ಎಲ್ಲರ ಕಥೆನೂ ಇದೇ. ಅಂದ್ರೆ ನಮ್ಮ ಫ್ರೆಂಡ್ ಕಿವಿಗೆ ಹೋಗಿದ್ದು ಮುಂಚೆನೂ ಲಾಸಿ (ಡೇಟಾ ಕಳ್ಕೊಂಡಿರೋದು), ಆಮೇಲೂ ಲಾಸಿ. ಎರಡು ಸಲ ಕಂಪ್ರೆಸ್ ಆಗೋ ಬದ್ಲು ಒಂದೇ ಸಲ ಆಗುತ್ತೆ ಅನ್ನೋ ಒಂದು ಸಣ್ಣ ಲಾಭ ಇದೆ, ಇಲ್ಲ ಅನ್ನಲ್ಲ, ಆದ್ರೆ ಅವನು ಹೇಳಿದ್ದು ಅಷ್ಟು ಸಣ್ಣದನ್ನಲ್ಲ. ಆಪಲ್ ತಾನೇ ಲಾಸ್‌ಲೆಸ್ ಕೊಟ್ಟಾಗ ತನ್ನ ಸಪೋರ್ಟ್ ಪೇಜ್‌ನಲ್ಲಿ ಬರ್ಕೊಂಡಿದೆ, ನಮ್ಮ ಎಎಸಿಗೂ ಲಾಸ್‌ಲೆಸ್‌ಗೂ ವ್ಯತ್ಯಾಸ ಗುರುತಿಸೋದು ಹೆಚ್ಚುಕಮ್ಮಿ ಆಗದ ಕೆಲಸ ಅನ್ನೋ ಅರ್ಥದಲ್ಲಿ. ಮಾರೋನೇ ಇಷ್ಟು ಒಪ್ಕೊಂಡಿರೋದು ಅಪರೂಪ.

ಕಣ್ಣಲ್ಲಿ ಕೇಳೋರದ್ದು ಇನ್ನೊಂದು ಜಾತಿ. ಸ್ಪೆಕ್ಟ್ರೋಗ್ರಾಮ್, ಅಂದ್ರೆ ಹಾಡಲ್ಲಿರೋ ಫ್ರೀಕ್ವೆನ್ಸಿಗಳ ಚಿತ್ರ, ತೆಗೆದು ನೋಡಿ ಇಲ್ಲಿ 16 ಕಿಲೋಹರ್ಟ್ಸ್‌ಗೆ ಕತ್ತರಿ ಬಿದ್ದಿದೆ, ಅದಕ್ಕೇ ಕೆಟ್ಟದಾಗಿ ಕೇಳ್ಸುತ್ತೆ ಅಂತಾರೆ. ಎಂಪಿ3 ಫಾರ್ಮ್ಯಾಟ್‌ನಲ್ಲಿ 16 ಕಿಲೋಹರ್ಟ್ಸ್ ಮೇಲಿನ ಭಾಗಕ್ಕೆ ಬೇರೆ ಹತೋಟಿ ಇಟ್ಟಿಲ್ಲ, ಅಲ್ಲಿ ನಿಖರತೆ ಬೇಕು ಅಂದ್ರೆ ಕೆಳಗಿನದಕ್ಕೂ ಬಿಟ್ ಸುರಿಬೇಕಾಗುತ್ತೆ, ಅದಕ್ಕೇ ಎನ್‌ಕೋಡರ್‌ಗಳು ಕಡಿಮೆ ಬಿಟ್‌ರೇಟ್‌ನಲ್ಲಿ ಅದನ್ನ ಕತ್ತರಿಸಿ ಆ ಬಿಟ್‌ಗಳನ್ನ ಕೆಳಗೆ ಹಾಕ್ತವೆ. ಕತ್ತರಿಸಿರೋದು ಬುದ್ಧಿವಂತಿಕೆ, ಕತ್ತರಿಸದೆ ಎಲ್ಲಾ ಇಟ್ಕೊಂಡಿರೋ 128 ಫೈಲ್ ಚಿತ್ರದಲ್ಲಿ ಚಂದ ಕಂಡು ಕಿವಿಗೆ ಅಸಹ್ಯವಾಗಿರುತ್ತೆ. ಸ್ಪೆಕ್ಟ್ರೋಗ್ರಾಮ್‌ನಿಂದ ಒಂದು ಉಪಕಾರ ಇದೆ ಅಂದ್ರೆ ನಕಲಿ ಫ್ಲಾಕ್ ಹಿಡಿಯೋದು, ಎಂಪಿ3ನ ಫ್ಲಾಕ್ ಮಾಡಿ ಇಟ್ಟಿದ್ರೆ ಆ ಕತ್ತರಿ ಗುರುತು ಹಾಗೇ ಇರುತ್ತೆ. ಎಷ್ಟು ಜನ ಅಂಥ ಫೈಲ್ ಇಟ್ಕೊಂಡು ಲಾಸ್‌ಲೆಸ್‌ನ ಗುಣಗಾನ ಮಾಡ್ತಿದ್ದಾರೋ.

ಇಷ್ಟೆಲ್ಲಾ ಹೇಳಿ ನನ್ನ ಹಾರ್ಡ್‌ಡಿಸ್ಕ್‌ನಲ್ಲಿರೋ ಸಂಗ್ರಹ ಪೂರ್ತಿ ಫ್ಲಾಕ್‌ನಲ್ಲೇ ಇದೆ. ಕಿವಿಗೋಸ್ಕರ ಅಲ್ಲ. ಲಾಸಿ ಫೈಲ್‌ನ ಒಂದು ಫಾರ್ಮ್ಯಾಟ್‌ನಿಂದ ಇನ್ನೊಂದಕ್ಕೆ ಬದಲಾಯಿಸಿದ ಪ್ರತಿ ಸಲನೂ ಹಳೇ ಗಲೀಜಿನ ಮೇಲೆ ಹೊಸ ಗಲೀಜು ಕೂತ್ಕೊಳ್ಳುತ್ತೆ, ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ, ಎಂಪಿ3ಯಿಂದ ಎಎಸಿ, ಅದ್ರಿಂದ ಓಪಸ್ ಅಂತ ಹೋಗ್ತಾ ಇದ್ರೆ ಒಂದು ಹಂತದಲ್ಲಿ ಯಾರ ಕಿವಿಗಾದ್ರೂ ಕೇಳ್ಸುತ್ತೆ. ಮೂಲ ಫ್ಲಾಕ್‌ನಲ್ಲಿ ಇದ್ರೆ ಹತ್ತು ವರ್ಷ ಬಿಟ್ಟು ಯಾವ ಹೊಸ ಕೋಡೆಕ್ ಬಂದ್ರೂ ಮೂಲದಿಂದಾನೇ ಮಾಡ್ಕೋಬಹುದು. ಫೋನ್‌ಗೆ ಮಾತ್ರ ಅದರಿಂದಾನೇ 160ರ ಓಪಸ್ ಮಾಡಿ ಹಾಕ್ಕೊಂಡಿದ್ದೀನಿ, ಕೇಳ್ತಾ ಇದ್ದೀನಿ, ದೂರಿಲ್ಲ.

ಆ ಫ್ರೆಂಡ್‌ಗೂ ಒಂದು ಭಾನುವಾರ ಕೂರಿಸಿ ಟೆಸ್ಟ್ ಮಾಡ್ಸಿದೆ, ಈ ಸಲ ವೈರ್ ಇರೋ ಹೆಡ್‌ಫೋನ್, ಅವನಿಗಿಷ್ಟ ಆಗಿರೋ ಹಾಡು, ವಾಲ್ಯೂಮ್ ಸಮ, ಒಂದು ಕಡೆ ಫ್ಲಾಕ್ ಇನ್ನೊಂದು ಕಡೆ 256ರ ಎಎಸಿ. 16ಕ್ಕೆ 9 ಬಂತು. ಸ್ವಲ್ಪ ಹೊತ್ತು ಸುಮ್ನಿದ್ದ, ಆಮೇಲೆ ಹೆಡ್‌ಫೋನ್ ತೆಗೀತಾ "ಈ ಹಾಡು ಇಷ್ಟು ಗಮನ ಕೊಟ್ಟು ಯಾವತ್ತೂ ಕೇಳಿರ್ಲಿಲ್ಲ ಕಣೋ, ಎರಡನೇ ಚರಣದಲ್ಲಿ ಹಿಂದೆ ಒಂದು ಪಿಯಾನೋ ಇದೆ ಗೊತ್ತಾ" ಅಂದ. ಲಾಸ್‌ಲೆಸ್ ಬಟನ್ ಈಗ್ಲೂ ಆನ್ ಇಟ್ಕೊಂಡಿದ್ದಾನೆ.